ಕರೆಂಟು ಹೋದಾಗ ಕೂಡುವ ಸಾಲಿ

ನಮ್ಮ ಓಣಿಯಲ್ಲಿ ಕರೆಂಟು ಹೋದ ಕೂಡಲೇ ಮೊದಲು ಕೇಳಿಸುತ್ತಿದ್ದುದು ನೀಲವ್ವಾಯಿಯ ದನಿ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳಗಾಯಿತೆಂದರೆ ಮನೆಮನೆಯಲ್ಲೂ ಪವರ್‌ಲೂಮ್ ಶುರು. ಗೋಡೆಗೆ ಗೋಡೆ ಹತ್ತಿದ ಮನೆಗಳು, ನಡುಮನೆಯಲ್ಲೇ ಮಗ್ಗಗಳು. ಆ ಖಟಕ್ ಖಟಕ್ ಸದ್ದಿನಲ್ಲಿ ಕೂಸುಗಳು ತೊಟ್ಟಿಲಲ್ಲಿ ಸುಖವಾಗಿ ನಿದ್ದೆ ಹೊಡೆಯುತ್ತವೆ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಬೆಚ್ಚಿಬಿದ್ದು ಎದ್ದು ಅಳುತ್ತವೆ. ಹೊರಗಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಸದ್ದು ನಿಂತ ಆ ಗಳಿಗೆಗೆ ಸರಿಯಾಗಿ ಮೂಲೆಮನೆಯ ಕಟ್ಟೆಯಿಂದ ಕೂಗು ಬರುತ್ತಿತ್ತು: “ಸಾಲಿ ಕೂಡ್ತೂ... ಬರ್ರೆಪೋ!”

ಅಷ್ಟು ಸಾಕು. ಇನ್ನೂ ಶಾಲೆಯ ಮುಖ ಕಾಣದ ಚಿಳ್ಳೆಪಿಳ್ಳೆಗಳೆಲ್ಲ ತಮ್ಮ ತಮ್ಮ ಗೋಣಿತಟ್ಟು ಕಂಕುಳಲ್ಲಿಟ್ಟುಕೊಂಡು, ಒಂದು ಚಡ್ಡಿ ಏರಿಸುತ್ತ, ಇನ್ನೊಂದು ಮೂಗು ಒರೆಸಿಕೊಳ್ಳುತ್ತ ಆ ಕಟ್ಟೆಯ ಶಾಲೆಗೆ ಓಡುತ್ತಿದ್ದವು. ಅಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ಆಯಿ ನಿಂತಿರುತ್ತಿದ್ದಳು. ಗಿಡ್ಡ ಆಳು, ಮೈತುಂಬ ಹೊದ್ದ ಸೆರಗು, ಮೂಗಿನ ತುದಿಯಲ್ಲಿ ತೀರಿಹೋದ ಗಂಡನ ಕನ್ನಡಕ, ಕೈಯಲ್ಲಿ ಮಗ್ಗದ್ದೊಂದು ಮುರಿದ ಕೋಲು. ಆ ಕೋಲು ಕಂಬಕ್ಕೆ ಬಡಿಯುವುದಕ್ಕೆ ಬಿಟ್ಟರೆ ಯಾವ ಮಗುವಿನ ಮೈಗೂ ತಾಗಿದ್ದನ್ನು ನಾನು ನೋಡಿಲ್ಲ. ಕನ್ನಡಕವಂತೂ ಅವಳಿಗೆ ಹೊಂದುತ್ತಲೇ ಇರಲಿಲ್ಲ. ಅದರೊಳಗಿಂದ ನೋಡಿದರೆ ಎಲ್ಲ ಮಸುಕು, ಅದಕ್ಕೇ ಅದರ ಮೇಲಿಂದ ನೋಡುತ್ತಿದ್ದಳು.

“ಮತ್ಯಾಕ ಹಾಕ್ಕೋತಿ ಆಯಿ?” ಎಂದು ಒಮ್ಮೆ ಕೇಳಿದ್ದೆ.

“ಚಸ್ಮಾ ಇಲ್ಲದ ಅಕ್ಕೋರು ಎಲ್ಲ್ಯಾರ ಇರ್ತಾರೇನ? ಸಾಲಿ ಕಲತಾಕಿ ನೀ, ನನ್ನ ಕೇಳ್ತಿಯಲ್ಲ!”

ಮಕ್ಕಳಿಗೆ ಪಾಠ ಹೇಳುವ ಹೆಂಗಸೆಂದರೆ ನಮ್ಮಲ್ಲಿ ಅಕ್ಕೋರು. ಆ ಹೆಸರು ಅವಳಿಗೆ ಬಲು ಇಷ್ಟ. ಓಣಿಯಲ್ಲಿ ಯಾರಾದರೂ ತಮಾಷೆಗೆ “ನಮಸ್ಕಾರ್ರೀ ಅಕ್ಕೋರ” ಅಂದರೂ ಸಾಕು, ನಿಜವಾದ ಟೀಚರ ಗತ್ತಿನಲ್ಲಿ ಕತ್ತು ಅಲ್ಲಾಡಿಸಿ ಮುಂದೆ ಹೋಗುತ್ತಿದ್ದಳು.

ನಾನು ಮುಧೋಳದವಳು. ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಮಗ್ಗದ ಸದ್ದಿಗೆ ತಲೆ ಚಿಟ್ಟುಹಿಡಿದು, ಕಿವಿಗೆ ಅರಳೆ ತುರುಕಿಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ಆಗ ನನ್ನನ್ನು ನೋಡಿ ಮೊದಲು ನಕ್ಕವಳು, ಮೊದಲು ಸಮಾಧಾನ ಹೇಳಿದವಳು ಆಯಿಯೇ. “ನಾನೂ ಬೀಳಗಿ ಕಡ್ಯಾಕಿ ತಂಗಿ. ನಮ್ಮೂರ ಹೊಳಿ ದಂಡ್ಯಾಗ ಕೊಕ್ಕರಿ ರೆಕ್ಕಿ ಬಡದ್ರ ಮನ್ಯಾಗ ಕೇಳತಿತ್ತ. ಇಲ್ಲಿ ಬಂದಾಗ ನಾನೂ ಹಿಂಗ ಕುಂತಿದ್ನಿ. ಈಗ ನೋಡ, ಮಗ್ಗ ನಿಂತ್ರ ನನಗ ಎದಿ ಧಸಕ್ ಅಂತೈತಿ,” ಎಂದಿದ್ದಳು. ಅಂದಿನಿಂದ ನಾನು ಅವಳ ಬಾಯಲ್ಲಿ ‘ಮುಧೋಳದಾಕಿ’. ನನ್ನ ನಡಿಗೆ ಸ್ವಲ್ಪ ಬಿರುಸು. ಅದಕ್ಕೂ ಅವಳ ಬಳಿ ಮಾತಿತ್ತು: “ನಿಮ್ಮೂರ ನಾಯಿಗತೆ ಓಡ್ತಿ ನೋಡ. ಮೈಯಾಗ ಖಂಡ ಇಲ್ಲ, ಕಾಲಿಗೆ ಪುರುಸೊತ್ತಿಲ್ಲ.”

ಅವಳ ಶಾಲೆಗೆ ಕರೆಂಟು ಹೋದಾಗಲೇ ಏಕೆ ಸಮಯ ಅಂದರೆ, ಉಳಿದ ಹೊತ್ತು ಅವಳಿಗೆ ಕೈಬಿಡುವು ಇರಲಿಲ್ಲ. ಮಗ ಮಲ್ಲಪ್ಪನ ಮಗ್ಗಗಳಿಗೆ ಕಂಡಿಕಿ ಸುತ್ತಿಕೊಡುವ ಕೆಲಸ ಅವಳದು. ಲಾಳಿಯೊಳಗೆ ಕೂಡುವ ಆ ಸಣ್ಣ ನೂಲಿನ ಕೊಳವೆಗಳು ಎಷ್ಟು ಸುತ್ತಿದರೂ ಸಾಲವು, ಮಗ್ಗ ನುಂಗುತ್ತಲೇ ಇರುತ್ತದೆ. ಕರೆಂಟು ಹೋಯಿತೋ, ಮಗ್ಗಕ್ಕೂ ರಜೆ, ಆಯಿಗೂ ರಜೆ, ಶಾಲೆ ಶುರು. ಕರೆಂಟು ಬಂದ ಕೂಡಲೇ ಶಾಲೆ ಬಿಡುವುದು. ಈ ಕಾಯ್ದೆ ಓಣಿಗೆಲ್ಲ ಗೊತ್ತಿತ್ತು. ಇದರಲ್ಲೊಂದು ತೊಡಕಿದೆಯೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ, ಬಹಳ ತಿಳಿದವಳೆಂದುಕೊಂಡಿದ್ದ ನನಗೂ.

ಮೊದಮೊದಲು ನಾನು ಆ ಶಾಲೆಯನ್ನು ನೋಡಿ ನಗುತ್ತಿದ್ದೆ. ನನ್ನ ಮಗಳು ಸಾನ್ವಿಗೆ ಅದರ ಅಗತ್ಯ ಬೀಳುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮನೆಯಲ್ಲೇ ಬಣ್ಣಬಣ್ಣದ ಚಾರ್ಟು ಅಂಟಿಸಿದ್ದೆ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಚ್ಚುತ್ತಿದ್ದೆ. ಆದರೆ ಮಗ್ಗದ ಮನೆಯ ಮಕ್ಕಳಿಗೆ ನಾಲಿಗೆಗಿಂತ ಮೊದಲು ಕೈ ಮಾತಾಡುತ್ತದೆ. ನಾವೆಲ್ಲ ಹಾಗೆಯೇ. ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಬದಲು ಕೈಯಲ್ಲೇ ಹೇಳುತ್ತೇವೆ. ಎರಡು ಬೆರಳು ಕತ್ತರಿ ಮಾಡಿದರೆ ಎಳೆ ಹರಿದಿದೆ ಅಂತ, ಅಂಗೈ ತಿರುವಿದರೆ ಮಗ್ಗ ಬಂದ್ ಮಾಡು ಅಂತ. ಸಾನ್ವಿ ನನ್ನ ಕಿವಿಗೆ ಬಾಯಿ ಹಚ್ಚಿ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಹೊರಗಿನವರು ಎದುರಿಗೆ ಬಂದರೆ ಮಾತ್ರ ಬಾಯಿಗೆ ಬೀಗ, ಬರೀ ಕೈ.

ದೊಡ್ಡ ರಸ್ತೆಯಾಚೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೆಸರು ಹಚ್ಚಲು ಕರೆದುಕೊಂಡು ಹೋದೆವು. ನಾನು, ನನ್ನ ಗಂಡ, ಹೊಸ ಫ್ರಾಕಿನಲ್ಲಿ ಸಾನ್ವಿ. ಹೆಡ್ ಮೇಡಂ ಒಳ್ಳೆಯ ಹೆಣ್ಣುಮಗಳು, ನಗುನಗುತ್ತಲೇ ಕೇಳಿದರು: “ನಿನ್ನ ಹೆಸರೇನು ಪುಟ್ಟಿ?” ಸಾನ್ವಿ ಅಂಗೈ ತಿರುವಿದಳು. ಮೇಡಂ ಮತ್ತೆ ಕೇಳಿದರು. ಇವಳು ಮತ್ತೆ ತಿರುವಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ‘ಅದನ್ನು ಬಂದ್ ಮಾಡಿ, ಆಮೇಲೆ ಕೇಳಿ’ ಎಂದು ನನ್ನ ಮಗಳು ಮರ್ಯಾದೆಯಿಂದಲೇ ಹೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಅದನ್ನು ಮೇಡಂಗೆ ಹೇಗೆ ಬಿಡಿಸಿ ಹೇಳಲಿ? ಮೂರನೆಯ ಸಲ ಕೇಳಿದಾಗ ಸಾನ್ವಿ ಬೇಸತ್ತು ಕಿವಿಯ ಮೇಲೆ ಕೈಯಿಟ್ಟುಕೊಂಡಳು.

“ಕಿವಿ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ,” ಎಂದರು ಮೇಡಂ. “ಜೂನ್ ಒಳಗೆ ನಾಲ್ಕು ಮಾತಾಡಿದರೆ ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ.”

ಜಮಖಂಡಿಗೆ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಸಾನ್ವಿಯ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ “ಚಾಕಲೇಟ್” ಎಂದರು. ಇವಳು ಗಿರಕ್ಕನೆ ತಿರುಗಿ ಕೈಚಾಚಿದಳು. “ಇಕೀ ಕಿವಿ ನಿಮ್ಮ ಕಿವೀಕಿಂತ ಛಲೋ ಅದಾವ,” ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಕಿವಿಯಲ್ಲಿ ದೋಷವಿದ್ದಿದ್ದರೆ ಔಷಧಿಯಾದರೂ ಇರುತ್ತಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಒಂದು ವರ್ಷ ತಡವಾಗುವುದಕ್ಕಿಂತ ಹೆಚ್ಚಾಗಿ, ‘ಮಾತಾಡದ ಹುಡುಗಿ’ ಎಂಬ ಹೆಸರು ಈಗಲೇ ಅಂಟಿಬಿಟ್ಟರೆ ಗತಿಯೇನು ಅನ್ನುವ ಹೆದರಿಕೆ ನನಗೆ. ಅಂಥ ಹೆಸರು ಒಮ್ಮೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ.

ಸುದ್ದಿ ಕೇಳಿ ಆಯಿ ಸಂಜೆಗೇ ಬಂದಳು. ಸಾನ್ವಿ ಎಂಬ ಹೆಸರು ಅವಳ ಬಾಯಲ್ಲಿ ಎಂದೂ ನಿಲ್ಲಲಿಲ್ಲ. ಅವಳ ಪಾಲಿಗೆ ಅದು ಸಾನವ್ವ. “ಕಿವಿ ಛಲೋ ಅದಾವಂದ್ರ ಅರ್ಧಾ ಕೆಲಸ ಆತಲ್ಲ. ಬಾಯಿ ನನಗ ಬಿಡ. ನಾಳಿಂದ ಸಾನವ್ವನ್ನ ಸಾಲಿಗಿ ಕಳಸ.”

“ಎಬಿಸಿಡಿ ಕಲಿಸ್ತಿಯೇನ ಆಯಿ?” ಎಂದೆ, ಸ್ವಲ್ಪ ಕೊಂಕಾಗಿಯೇ.

“ಎಬಿಸಿಡಿ ಅವರ ಕಲಿಸ್ಲಿ, ಅವರಿಗಿ ಬರ್ತೈತಿ. ನಾ ಕುಂದ್ರೂದ ಕಲಸ್ತೀನಿ.”

ನಿಜಕ್ಕೂ ಅವಳ ಶಾಲೆಯಲ್ಲಿ ಮೊದಲ ಪಾಠ ಕೂರುವುದು. ತನ್ನ ತಟ್ಟು ತಾನೇ ಹಾಸಿ, ಅದರ ಮೇಲೆ ಪಕ್ಕದವರನ್ನು ತಿವಿಯದೆ ಕೂರುವುದು. ಆಮೇಲೆ ಹಾಜರಿ. ಹೆಸರು ಕರೆದಾಗ “ಬಂದೀನ್ರೀ!” ಎಂದು ಕೂಗಬೇಕು. ಅವಳಿಗೂ ಕಿವಿ ಸ್ವಲ್ಪ ಮಂದವಾದ್ದರಿಂದ ಮೆಲ್ಲಗೆ ಅಂದರೆ ಹಾಜರಿ ಬೀಳುತ್ತಿರಲಿಲ್ಲ. ಮುಂದೆ ಡಬ್ಬಿಯ ಮುಚ್ಚಳ ತೆಗೆಯುವುದು, ಚಪ್ಪಲಿಯಲ್ಲಿ ಎಡಬಲ ಗುರುತಿಸುವುದು, ಒಂದಕ್ಕೆ ಬಂದರೆ ಎದ್ದುನಿಂತು ಕೇಳುವುದು. ಇದರಲ್ಲಿ ಪರೀಕ್ಷೆಯೂ ಇತ್ತು. ಮುಚ್ಚಳ ತೆಗೆಯಲಾಗದೆ ಹುಡುಗನೊಬ್ಬ ಡಬ್ಬಿಯನ್ನು ಹಲ್ಲಿನಿಂದ ಕಚ್ಚುತ್ತಿದ್ದಾಗ ಆಯಿ ಕೋಲು ಬಡಿದಳು: “ಲೇ, ಡಬ್ಬೀನ ತಿಂತಿಯೇನ? ಒಳಗ ರೊಟ್ಟಿ ಐತಿ, ಅದನ್ನ ತಿನ್ನ!”

ಎಲ್ಲಕ್ಕಿಂತ ಚಂದದ್ದು ಅಳುವ ಪಾಠ. ಒಂದು ದಿನ ಎಲ್ಲರನ್ನೂ ಕೂರಿಸಿ ಹೇಳಿದಳು: “ಇವತ್ತ ಎಲ್ಲಾರೂ ಅಳೂನು. ಜೂನ್‌ದಾಗ ಅಳಾಕ ಟೈಮ್ ಸಿಗೂದಿಲ್ಲ. ಎಷ್ಟ ಐತಿ ಅಷ್ಟೂ ಈಗ ಅತ್ತ ಮುಗಸ್ರಿ.” ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು. ಒಂದು ಮಗು “ಆಂ...” ಎಂದು ಶುರುಮಾಡಿ ನಡುವೆ ಮರೆತು ನಿಂತಿತು. “ಹಿಂಗಲ್ಲ, ನನ್ನ ನೋಡ್ರಿ,” ಎಂದು ಆಯಿ ತಾನೇ ಕಾಲು ಚಾಚಿ ಕುಳಿತು, ಎದೆ ಬಡಿದುಕೊಂಡು, “ಯವ್ವಾ, ನನ್ನ ಬಿಟ್ಟ ಹೋಗಬ್ಯಾಡ ಬೇ...” ಎಂದು ಎಂಥ ಅಳು ತೆಗೆದಳೆಂದರೆ, ದಾರಿಯಲ್ಲಿ ಬದನೆಕಾಯಿ ಮಾರುತ್ತ ಹೊರಟಿದ್ದ ಹೆಂಗಸು ಬುಟ್ಟಿ ಇಳಿಸಿ, “ಯಾರ ಹೋದ್ರಬೇ?” ಎಂದು ಕೇಳಿದಳು. ಮಕ್ಕಳು ನಕ್ಕು ನಕ್ಕು ತಟ್ಟಿನ ಮೇಲೆ ಉರುಳಾಡಿದವು. ಆಯಿ ಕಣ್ಣೊರೆಸಿಕೊಂಡು ಎದ್ದು, “ನಗಾಕತ್ತೀರೇನ? ಹಂಗಾರ ಎಲ್ಲಾರೂ ಪಾಸ್,” ಎಂದಳು.

ತಾಯಂದಿರಿಗೂ ಪಾಠವಿತ್ತು. ಕೂಸನ್ನು ಬಿಟ್ಟು ಓಣಿಯ ತುದಿಯವರೆಗೆ ಹೊರಳಿ ನೋಡದೆ ನಡೆಯಬೇಕು. ನಾನು ಅರ್ಧ ದಾರಿಯಲ್ಲೇ ಹೊರಳಿದೆ. “ಮುಧೋಳದಾಕಿ ಫೇಲ್!” ಎಂದು ಕೂಗು ಬಂತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ನನ್ನ ಮಗಳೂ ಸೇರಿ.

ಆ ಬೇಸಿಗೆ ಕರೆಂಟು ಬಹಳ ಹೋಗುತ್ತಿತ್ತು. ನನ್ನ ಗಂಡ, ಮಲ್ಲಪ್ಪ, ಓಣಿಯ ಗಂಡಸರೆಲ್ಲ ಹೊರಗೆ ನಿಂತು ಕರೆಂಟಿನವರನ್ನು ಬಯ್ಯುತ್ತಿದ್ದರು. ನಾನೂ ಮೇಲೆ ಮೇಲೆ ಹೂಂಗುಟ್ಟುತ್ತ, ಒಳಗೊಳಗೆ ಇನ್ನಷ್ಟು ಹೊತ್ತು ಬಾರದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ನೇಕಾರರ ಮನೆಯ ಸೊಸೆ ಹೀಗೆ ಬೇಡಿಕೊಳ್ಳುವುದು ಪಾಪವೇ ಸರಿ.

ಆದರೆ ಸಾನ್ವಿ ಬಾಯಿ ಬಿಡಲಿಲ್ಲ. ಕೂರುವುದರಲ್ಲಿ ಮೊದಲು, ಡಬ್ಬಿ ತೆಗೆಯುವುದರಲ್ಲಿ ಮೊದಲು, ಹಾಜರಿ ಕೂಗಿದಾಗ ಮಾತ್ರ ಕೈ ಎತ್ತಿ ಸುಮ್ಮನಿರುತ್ತಿದ್ದಳು. ಮೇ ತಿಂಗಳು ಅರ್ಧ ಕಳೆಯಿತು. ನಾನು ಆಯಿಯ ಮೇಲೆ ರೇಗಿದೆ. “ಒಂದ್ ಸಲ ಗದರಿಸಿ ಕೇಳ ಆಯಿ, ಹೆದರಿಕೀಗಿ ಆದ್ರೂ ಮಾತಾಡ್ಲಿ.”

“ಹೆದರಿಸಿದ್ರ ಬಾಯಿ ಮುಚ್ಚತೈತಿ, ತಗೀತೈತೇನ?” ಎಂದಳು ಆಯಿ. “ಆಕೀಗಿ ಹೇಳೂವಂಥಾದ್ದ ಏನೂ ಬಂದಿಲ್ಲ, ಅದಕ್ಕ ಹೇಳವಲ್ಲಳು. ತಡಿ.”

ಮರುದಿನ ಸಾನ್ವಿಯನ್ನು ಕರೆದು ಒಂದು ಕೆಲಸ ಕೊಟ್ಟಳು. “ಸಾನವ್ವ, ನನಗ ಕಿವಿ ಮಂದ. ಕರೆಂಟ್ ಬಂದದ್ದ ತಿಳಿಯೂದಿಲ್ಲ. ಬಂದ ಕೂಡ್ಲೆ ನೀ ನನಗ ಹೇಳಬೇಕು. ನೀ ಹೇಳದಿದ್ರ ಸಾಲಿ ಬಿಡೂದಿಲ್ಲ ನೋಡ.” ಸಾನ್ವಿ ಗಂಭೀರವಾಗಿ ತಲೆಯಾಡಿಸಿದಳು. ಡಾಕ್ಟರು ಹೇಳಿದಂತೆ ಅವಳ ಕಿವಿ ಬಲು ಚುರುಕು. ಹಿಂದಿನ ಓಣಿಯಲ್ಲಿ ಮೊದಲ ಮಗ್ಗ ಮಿಸುಕಿದರೂ ಅವಳಿಗೆ ಗೊತ್ತಾಗುತ್ತಿತ್ತು. ಮೊದಲೆರಡು ದಿನ ಕರೆಂಟು ಬಂದ ಕೂಡಲೇ ಓಡಿಬಂದು ಆಯಿಯ ಸೆರಗು ಜಗ್ಗಿ ಕೈಸನ್ನೆ ಮಾಡಿದಳು. ಆಯಿ ಒಪ್ಪಿಕೊಂಡು ಶಾಲೆ ಬಿಟ್ಟಳು.

ಆಮೇಲೊಂದು ದಿನ ಹಾಗಾಗಲಿಲ್ಲ. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕರೆಂಟು ಬಂತು, ಓಣಿಯಲ್ಲಿ ಒಂದೊಂದೇ ಮಗ್ಗ ಹೊಡೆಯಲು ಶುರುವಾಯಿತು. ಸಾನ್ವಿ ಸನ್ನೆ ಮಾಡಿದಳು. ಆಯಿ ಕನ್ನಡಕದೊಳಗಿಂದ ಆಕಾಶ ನೋಡಿದಳು, ಅಂದರೆ ಏನೂ ಕಾಣಬಾರದೆಂದೇ ನೋಡಿದಳು. ಸಾನ್ವಿ ಸೆರಗು ಜಗ್ಗಿದಳು. ಆಯಿ ಸೆರಗು ಬಿಡಿಸಿಕೊಂಡು, “ಹಾಂ, ಎಲ್ಲಾರೂ ಇನ್ನೊಮ್ಮಿ ಡಬ್ಬಿ ತಗದ ತೋರಸ್ರಿ,” ಎಂದಳು. ಒಳಗಿನಿಂದ ಮಲ್ಲಪ್ಪ ಕಂಡಿಕಿ ಬೇಕೆಂದು ಕೂಗುತ್ತಿದ್ದ. ಮಕ್ಕಳು ಮಿಸುಕಾಡುತ್ತಿದ್ದವು. ಒಂದು ಮಗುವಿಗೆ ಅಳುವೇ ಬಂತು. ಸಾನ್ವಿ ಮಕ್ಕಳನ್ನು ನೋಡಿದಳು, ಆಯಿಯನ್ನು ನೋಡಿದಳು. ಮುಖ ಕೆಂಪಗಾಯಿತು. ಎರಡೂ ಮುಷ್ಟಿ ಬಿಗಿದು, ಮಗ್ಗದ ಸದ್ದನ್ನೂ ಮೀರಿಸಿ ಕೂಗಿದಳು: “ಕರೆಂಟ್ ಬಂತರೀ! ಸಾಲಿ ಬಿಡ್ರೀ!”

“ಹೌದಾ? ನನಗ ತಿಳೀಲೇ ಇಲ್ಲ ನೋಡ,” ಎಂದು ಆಯಿ ಕಂಬಕ್ಕೆ ಕೋಲು ಬಡಿದು ಶಾಲೆ ಬಿಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದೆ. ಅವತ್ತು ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಗಂಡ ಓದಿದರೆ ಓದಲಿ.

ಅಲ್ಲಿಂದ ಮುಂದೆ ಸಾನ್ವಿಯ ಬಾಯಿ ನಿಲ್ಲಿಸುವುದೇ ಕಷ್ಟವಾಯಿತು. ಮತ್ತೆ ಮೇಡಂ ಎದುರು ನಿಲ್ಲಿಸಿದಾಗ ಹೆಸರು ಕೇಳಿದ್ದಕ್ಕೆ ತನ್ನ ಹೆಸರು, ಅಪ್ಪನ ಹೆಸರು, ಓಣಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗಿ, ಕೊನೆಗೆ “ಒಂದಕ್ಕ ಬಂದ್ರ ಹೇಳ್ತೀನ್ರೀ!” ಎಂದಳು. ಮೇಡಂ ಕುರ್ಚಿಯಲ್ಲೇ ಹಿಂದೆ ಸರಿದರು. ಆಚೆ ಕೋಣೆಯಿಂದ ಗುಮಾಸ್ತರು ಇಣುಕಿದರು. ಸೀಟು ಸಿಕ್ಕಿತು.

ಜೂನ್ ಬಂತು. ನಮ್ಮ ಓಣಿಯ ಐದಾರು ಮಕ್ಕಳು ಒಂದೇ ತರಗತಿಗೆ ಸೇರಿದ್ದರು. ಮೊದಲ ದಿನ ಸಾನ್ವಿಯನ್ನು ಗೇಟಿನಲ್ಲಿ ಬಿಟ್ಟು ಹೊರಳಿ ನೋಡದೆ ಬಂದೆ. ಪಾಸಾದೆನೆಂದು ಆಯಿಗೆ ಹೇಳಿ ಕೂತಿದ್ದೆನೋ ಇಲ್ಲವೋ, ಶಾಲೆಯಿಂದ ಫೋನು. “ಸ್ವಲ್ಪ ಬೇಗ ಬರ್ತೀರಾ? ನಿಮ್ಮ ಮಗಳು...” ಪೂರ್ತಿ ಕೇಳುವ ಮೊದಲೇ ಓಡಿದೆ. ಆಯಿ ಕೈಯಲ್ಲಿದ್ದ ಕಂಡಿಕಿ ಬಿಸಾಕಿ, ಕನ್ನಡಕ ಮಾತ್ರ ಮರೆಯದೆ ಏರಿಸಿಕೊಂಡು, ಏದುಸಿರು ಬಿಡುತ್ತ ನನ್ನ ಹಿಂದೆ ಬಂದಳು.

ಶಾಲೆಯ ಗೇಟು ಮುಚ್ಚಿತ್ತು. ಒಳಗಡೆ ಮಕ್ಕಳ ಸಾಲು, ಎಲ್ಲರ ಬೆನ್ನಿಗೂ ಬ್ಯಾಗು. ಮುಂದೆ ನಮ್ಮ ಓಣಿಯವರು, ಹಿಂದೆ ಯಾರು ಯಾರೋ, ಅರ್ಧ ತರಗತಿಯೇ ಅಲ್ಲಿತ್ತು. ಎಲ್ಲರ ಮುಂದೆ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾವಲುಗಾರನ ಜೊತೆ ವಾದಕ್ಕಿಳಿದಿದ್ದಳು: “ಕರೆಂಟ್ ಬಂದೈತಿ, ಸಾಲಿ ಬಿಟ್ಟೈತಿ. ಬಾಗಲಾ ತಗೀರಿ!”

ಆಗಿದ್ದು ಇಷ್ಟು. ಬೆಳಿಗ್ಗೆ ತರಗತಿಯಲ್ಲಿ ಕರೆಂಟು ಹೋಗಿತ್ತು. ನಮ್ಮ ಮಕ್ಕಳು ಅಚ್ಚುಕಟ್ಟಾಗಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಕರೆಂಟು ಬಂದು ಫ್ಯಾನು ತಿರುಗಿತು. ಸಾನ್ವಿ ತನ್ನ ಕೆಲಸ ತಾನು ಮಾಡಿದಳು. ಎದ್ದುನಿಂತು ಕೂಗಿದಳು. ಓಣಿಯ ಮಕ್ಕಳು ಬ್ಯಾಗು ಏರಿಸಿಕೊಂಡು ಎದ್ದರು. ಬೆಳಗಿನಿಂದ ಮನೆಗೆ ಹೋಗಲು ನೆಪ ಹುಡುಕುತ್ತ ಅಳುತ್ತಿದ್ದ ಉಳಿದ ಮಕ್ಕಳಿಗೆ ಇನ್ನೇನು ಬೇಕಿತ್ತು?

“ಇವರಿಗೆ ಹೀಗಂತ ಹೇಳಿಕೊಟ್ಟವರು ಯಾರು?” ಮೇಡಂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಮುಂದೆ ಬಂದಳು.

“ನಾನ ರೀ. ನಾನೂ ಅಕ್ಕೋರ ಅದೀನಿ, ಮೂಲಿಮನಿ ಸಾಲೀದು. ತಪ್ಪ ಹುಡುಗರದಲ್ರೀ. ನಮ್ಮ ಸಾಲಿ ಕಾಯ್ದೇನ ಹಂಗೈತಿ.”

ಮೇಡಂ ನನ್ನ ಮುಖ ನೋಡಿದರು. ನಾನು ಮಗ್ಗ, ಕರೆಂಟು, ಕಂಡಿಕಿ, ಎಲ್ಲವನ್ನೂ ತೊದಲುತ್ತ ವಿವರಿಸಿದೆ. ಕೇಳುತ್ತ ಕೇಳುತ್ತ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ತಡೆದುಕೊಂಡ ಮೇಲೆ, “ಒಂದು ಮಾತು ಮಾತ್ರ ನಿಜ. ಬೆಳಗಿನಿಂದ ಅಳದೆ ಕೂತವರು ನಿಮ್ಮ ಓಣಿಯ ಮಕ್ಕಳು ಮಾತ್ರ,” ಎಂದರು. ಆಯಿಯ ಕತ್ತು ಒಂದು ಗೇಣು ಉದ್ದವಾಯಿತು.

ಮಕ್ಕಳನ್ನು ಒಳಗೆ ಕರೆದೊಯ್ದು ಕೂರಿಸುವಾಗ ಆಯಿ ತರಗತಿಯನ್ನೆಲ್ಲ ಕಣ್ತುಂಬ ನೋಡಿದಳು. “ಒಂಚೂರ ಬೆಂಚ್ ಮ್ಯಾಲ ಕುಂತ ನೋಡ್ಲೇನ್ರಿ?” ಎಂದು ಮೇಡಂ ಅವರನ್ನು ಕೇಳಿದಳು. ಆ ಪುಟ್ಟ ಬೆಂಚಿನಲ್ಲಿ ಸಾನ್ವಿಯ ಪಕ್ಕ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಳು. “ನಾ ಎರಡನೇ ಇಯತ್ತೆ ತನಕಾ ನೆಲದ ಮ್ಯಾಲ ಕುಂತಾಕಿ. ಛಲೋ ಐತ್ರಿ ಬೆಂಚ,” ಎಂದು ಹಲಗೆಯನ್ನು ಸವರಿದಳು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಆಗಲೇ ಎದ್ದುನಿಂತು ಮಕ್ಕಳಿಗೆ ಹೊಸ ಕಾಯ್ದೆ ಹೊರಡಿಸುತ್ತಿದ್ದಳು.

“ಕೇಳ್ರಿಲ್ಲೆ. ಇನ್ನ ಮ್ಯಾಲ ಕರೆಂಟ್ ಬರ್ಲಿ, ಹೋಗ್ಲಿ, ಮುಗಲ ಹರದ ಬೀಳ್ಲಿ. ಅಕ್ಕೋರು ‘ಏಳ್ರೆಪಾ’ ಅನ್ನೂತನಕ ಒಬ್ರೂ ಏಳೂ ಹಂಗಿಲ್ಲ. ತಿಳೀತಿಲ್ಲೋ?”

“ತಿಳೀತ್ರೀ!” ಎಂದವು ಮಕ್ಕಳು, ಮಗ್ಗದ ಓಣಿಯ ದನಿಯಲ್ಲಿ.

ಕಟ್ಟೆಯ ಶಾಲೆಯಲ್ಲೂ ಅಂದಿನಿಂದ ಅದೇ ಕಾಯ್ದೆ. ಕರೆಂಟು ಬಂದು ಮಗ್ಗಗಳು ಹೊಡೆಯತೊಡಗಿದರೂ ಹೊಸ ಮಕ್ಕಳು ಅಲುಗದೆ ಕೂರಬೇಕು. ಒಳಗಿಂದ ಮಲ್ಲಪ್ಪ, “ಯವ್ವಾ, ಮಗ್ಗ ಖಾಲಿ ನಿಂತಾವ ಬೇ!” ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಆಯಿ ಅವಸರವಿಲ್ಲದೆ ಎಲ್ಲರನ್ನೂ ಒಮ್ಮೆ ನೋಡಿ, ಯಾರೂ ಮಿಸುಕುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೇಳುತ್ತಿದ್ದಳು: “ಏಳ್ರೆಪಾ, ಸಾಲಿ ಬಿಡ್ತು.” ಆಮೇಲೆ ಅವರವರ ತಟ್ಟು ಅವರವರು ಮಡಚಿಕೊಂಡು ಹೋಗಬೇಕು. ಸಾನ್ವಿ ದೊಡ್ಡ ಶಾಲೆಗೆ ಹೋಗುತ್ತಿದ್ದರೂ ರಜೆಯ ದಿನ ಕರೆಂಟು ಹೋದರೆ ಅಲ್ಲಿ ಹಾಜರು. ಚಿಕ್ಕವರ ಡಬ್ಬಿ ಪರೀಕ್ಷೆ ಮಾಡುವ ಅಧಿಕಾರ ಅವಳಿಗೆ ಸಿಕ್ಕಿತ್ತು.

ಸಾನ್ವಿ ಈಗ ಎರಡನೆಯ ತರಗತಿ. ಹೋದ ಶ್ರಾವಣದ ಒಂದು ರವಿವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗ್ಗದ ಸದ್ದು ನಿಂತಿತು. ಕರೆಂಟು ಹೋಯಿತೆಂದುಕೊಂಡೆ. ತಲೆಯೆತ್ತಿ ನೋಡಿದರೆ ಅಡುಗೆಮನೆಯ ದೀಪ ಉರಿಯುತ್ತಲೇ ಇತ್ತು, ಫ್ಯಾನು ತಿರುಗುತ್ತಲೇ ಇತ್ತು. ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ನಮ್ಮಲ್ಲಿ ಕರೆಂಟಿದ್ದೂ ಮಗ್ಗ ನಿಂತವೆಂದರೆ ಒಂದೇ ಅರ್ಥ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಆ ಓಣಿಯ ಮಗ್ಗ ಇಡೀ ದಿನ ಬಂದ್. ಅಕ್ಕಪಕ್ಕದ ಓಣಿಗಳಲ್ಲೂ ಹೆಣ ಊರ ಗಡಿ ದಾಟುವತನಕ ಯಾರೂ ಮಗ್ಗ ಹಾಕುವುದಿಲ್ಲ.

ಬೆಳಿಗ್ಗೆ ಕಂಡಿಕಿ ಸುತ್ತುತ್ತ ಗೋಡೆಗೆ ಒರಗಿದ ಆಯಿ ಹಾಗೇ ಹೋಗಿಬಿಟ್ಟಿದ್ದಳು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ನಾನು ಹೋಗಿ ಅವಳ ಪಾದ ಮುಟ್ಟಿದೆ. ಮನಸ್ಸು ಬಿಚ್ಚಿ ಅತ್ತೆ. ಅಳುವ ಪಾಠದ ದಿನ ನೆನಪಾಗಿ ನಡುವೆ ನಗುವೂ ಬಂತು. ಯಾರಾದರೂ ನೋಡಿದರೋ ಏನೋ.

ಹೊರಗೆ ಬಂದರೆ ಕಟ್ಟೆಯ ಮೇಲೆ ಮಕ್ಕಳು. ಸದ್ದು ನಿಂತದ್ದಷ್ಟೇ ಅವಕ್ಕೆ ಗೊತ್ತು. ಎಂದಿನಂತೆ ತಟ್ಟು ತಂದು, ಹಾಸಿ, ಸಾಲಾಗಿ ಕುಳಿತುಬಿಟ್ಟಿದ್ದವು. ಕೊನೆಯಲ್ಲಿ ಸಾನ್ವಿಯೂ ಇದ್ದಳು. ಅವಳಿಗೆ ವಿಷಯ ತಿಳಿದಿತ್ತೆಂದು ಮುಖವೇ ಹೇಳುತ್ತಿತ್ತು. ಆದರೂ ಕುಳಿತಿದ್ದಳು. ಹಿರಿಯರೊಬ್ಬರು, “ಹುಡುಗರ್ನ ಮನಿಗಿ ಕಳಸ್ರಿ,” ಎಂದರು. ಮಲ್ಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, “ಕುಂದ್ರಲಿ ಬಿಡ್ರಿ. ಅವ್ವನ ಸಾಲಿ ಅದು,” ಎಂದ.

ಆಯಿಯನ್ನು ಮಕ್ಕಳ ಮುಂದೆಯೇ ಕರೆದುಕೊಂಡು ಹೋದರು. ಮಕ್ಕಳು ಗೋಡೆಗೆ ಒತ್ತಿಕೊಂಡು ಕುಳಿತು ನೋಡಿದವು. ಗಂಡಸರೆಲ್ಲ ಹಿಂದೆ ಹೋದರು. ಓಣಿಯಲ್ಲಿ ನಾವು ಹೆಂಗಸರು, ಈ ಮಕ್ಕಳು, ಅಷ್ಟೇ. ಸ್ವಲ್ಪ ಹೊತ್ತಿಗೆ ಸಾನ್ವಿ ತಲೆಯೆತ್ತಿದಳು. ನನಗೆ ಕೇಳುವ ಮೊದಲೇ ಅವಳಿಗೆ ಕೇಳಿಸಿತ್ತು. ಹಿಂದಿನ ಓಣಿಯಲ್ಲಿ ಒಂದು ಮಗ್ಗ ಹೊಡೆಯತೊಡಗಿತು. ಅದರ ಜೊತೆಗೆ ಇನ್ನೊಂದು, ಮತ್ತೊಂದು. ಆಯಿ ಗಡಿ ದಾಟಿ ಹೋಗಿದ್ದಳು.

ಮಕ್ಕಳಾರೂ ಏಳಲಿಲ್ಲ. “ಆತಲ್ಲ ಪುಟ್ಟಾ, ಮನಿಗಿ ನಡೀರಿ,” ಎಂದು ಯಾರೋ ಕರೆದರು. ಅಂಚಿಗೆ ಕುಳಿತಿದ್ದ ತೀರಾ ಸಣ್ಣದೊಂದು ತಲೆ ಅಲ್ಲಾಡಿಸಿತು. “ಆಯಿ ‘ಏಳ್ರೆಪಾ’ ಅಂದಿಲ್ಲಲ್ಲ?” ಎಂದಿತು. ಎಲ್ಲವೂ ಕಂಬದ ಕಡೆ ನೋಡುತ್ತ ಕುಳಿತಿದ್ದವು.

ನಾನೇ ಹೋಗಿ ಆ ಮಾತು ಹೇಳೋಣವೆಂದು ಎರಡು ಹೆಜ್ಜೆ ಮುಂದೆ ಬಂದೆ. ದನಿ ಹೊರಡಲಿಲ್ಲ. ಬಿ.ಎ. ಓದಿದವಳು ನಾನು, ಎರಡು ಶಬ್ದ ಆಡಲಾಗದೆ ನಡುಬೀದಿಯಲ್ಲಿ ಅಂಗೈ ತಿರುವುತ್ತ ನಿಂತೆ.

ಆಗ ಸಾನ್ವಿ ಎದ್ದಳು. ಮೆಲ್ಲಗೆ ಹೋಗಿ ಕಂಬಕ್ಕೆ ಬೆನ್ನು ಹಚ್ಚಿ ನಿಂತಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. ಹಿಂದಿನ ಓಣಿಯ ಮಗ್ಗಗಳೆಲ್ಲ ಅಷ್ಟರಲ್ಲಿ ಜೋರಾಗಿದ್ದವು. ಅವನ್ನು ಮೀರಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಏಳ್ರೆಪಾ, ಸಾಲಿ ಬಿಡ್ತು.”

ಮಕ್ಕಳು ಎದ್ದವು. ತಮ್ಮ ತಮ್ಮ ತಟ್ಟು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದವು.